ನೋವು ನಿಂತಿತು ಅಂದೆಯಲ್ಲ, ಅದಕ್ಕೇ ಈ ಕಾಗದ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಮನೆ ಸುದ್ದಿ, ಮಳೆ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯಲ್ಲ. ಮಾಣಿಯ ಕಿವಿ ಸೋರುತ್ತಿದೆ, ತಮಟೆ ತೂತಾಗಿರಬಹುದು ಅಂದರು ಡಾಕ್ಟರು, ಆದರೆ ಈಗ ನೋವಿಲ್ಲ, ಆಡಿಕೊಂಡಿದ್ದಾನೆ, ಅದಕ್ಕೇ ಮತ್ತೆ ತೋರಿಸಲು ಹೋಗಲಿಲ್ಲ ಅಂತ. ಆ "ನೋವಿಲ್ಲ" ಅನ್ನುವ ಮಾತು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನ ಮಾವನಿಗೆ, ಅದೇ ನನ್ನ ತಮ್ಮನಿಗೆ, ಎಡಗಿವಿ ಕೇಳುವುದಿಲ್ಲ ಅಂತ ನಿನಗೆ ಗೊತ್ತು. ಹೇಗಾಯಿತು ಅಂತ ಮಾತ್ರ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ.

ಆಗ ಅವನಿಗೆ ಆರು ವರ್ಷ, ನನಗೆ ಹದಿನಾರು. ಆರಿದ್ರಾ ಮಳೆ. ಅಮ್ಮ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ಹಳ್ಳ ದಾಟುವ ಸಂಕ ಮುಳುಗಿತ್ತು, ಹೊಸನಗರಕ್ಕೆ ಹೋಗುವ ಹಾಗೇ ಇರಲಿಲ್ಲ. ನಾಲ್ಕು ದಿನದ ಶೀತ ಕಿವಿಗೆ ಇಳಿದು ಹುಡುಗ ರಾತ್ರಿಯೆಲ್ಲ ಅತ್ತ. ನಾನು ಸೌಟಿನಲ್ಲಿ ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿ, ಆರಿಸಿ, ಕಿವಿಗೆ ಬಿಟ್ಟೆ. ಬೆಳಗಿನ ಜಾವಕ್ಕೆ ಅಳು ನಿಂತಿತು. ದಿಂಬಿನ ಮೇಲೆ ಹಳದಿ ಕಲೆ. ಕೆಟ್ಟದ್ದೆಲ್ಲ ಹೊರಗೆ ಬಂತು ಅಂದುಕೊಂಡೆ. ಅಮ್ಮ ಬಂದ ಮೇಲೆ ಊರಿಗೆಲ್ಲ ಹೇಳಿಕೊಂಡು ಬಂದಳು, ನನ್ನ ಮಗಳು ಕಿವಿನೋವು ವಾಸಿ ಮಾಡಿದಳು ಅಂತ. ನನಗೂ ಹೆಮ್ಮೆ.

ಅವನಿಗೆ ಮೂವತ್ತು ದಾಟಿದ ಮೇಲೆ ಆಪರೇಷನ್ ಮಾಡಿದ ಕಿವಿ ಡಾಕ್ಟರು ಒಂದು ಚೀಟಿಯ ಮೇಲೆ ಚಿತ್ರ ಬರೆದು ತೋರಿಸಿದರು. ತಮಟೆ ಅಂದರೆ ಸುಮಾರು 0.1 ಮಿಲಿಮೀಟರ್ ದಪ್ಪದ ಪೊರೆ, ಕಾಗದದಷ್ಟು. ಅದರ ಹಿಂದೆ ಪುಟ್ಟ ಗೂಡು, ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಗೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಇಳಿಜಾರೂ ಇಲ್ಲ. ಶೀತಕ್ಕೆ ಅದು ಊದಿ ಮುಚ್ಚಿಕೊಂಡರೆ ಒಳಗೆ ನೀರು ನಿಲ್ಲುತ್ತದೆ, ಆಮೇಲೆ ಕೀವಾಗುತ್ತದೆ. ಕೀವಿನ ಒತ್ತಡಕ್ಕೇ ಆ ನೋವು. ತಮಟೆ ಒಡೆದು ಕೀವು ಹೊರಗೆ ಹರಿದಾಗ ಒತ್ತಡ ಇಳಿಯುತ್ತದೆ, ನೋವು ನಿಲ್ಲುತ್ತದೆ.

ಅರ್ಥವಾಯಿತಾ ಪುಟ್ಟಿ? ನಾನು ವಾಸಿಯಾಯಿತು ಅಂದುಕೊಂಡ ಆ ಬೆಳಗಿನ ಜಾವವೇ ಅವನ ತಮಟೆ ಒಡೆದಿತ್ತು.

ಎಣ್ಣೆಯಿಂದ ಒಡೆದದ್ದಲ್ಲ ಅಂತ ಡಾಕ್ಟರು ಸಮಾಧಾನ ಹೇಳಿದರು. ಆದರೆ ಆಮೇಲೆ ಕಿವಿ ಸೋರಿದಾಗಲೆಲ್ಲ ನಾನು ಮತ್ತೆ ಎಣ್ಣೆ ಬಿಟ್ಟೆನಲ್ಲ. ತೋಟದ ಕೆರೆಯಲ್ಲಿ ಈಜಲು ಬಿಟ್ಟೆನಲ್ಲ. ನೋವು ಅನ್ನಲಿಲ್ಲ ಅವನು, ನಾವು ಕೇಳಲೂ ಇಲ್ಲ. ಶಾಲೆಯಲ್ಲಿ ಕರೆದರೆ ತಿರುಗುವುದಿಲ್ಲ ಅಂತ ಪೆಟ್ಟು ತಿಂದು ಬರುತ್ತಿದ್ದ. ನಾನೂ ಬೈದಿದ್ದೇನೆ. ಆಪರೇಷನ್ನಿನಲ್ಲಿ ಕಿವಿಯ ಮೇಲಿನ ಸ್ನಾಯುವಿನ ಹೊದಿಕೆಯನ್ನೇ ಚೂರು ತೆಗೆದು ತೂತು ಮುಚ್ಚಿದರು. ಸೋರುವುದು ನಿಂತಿತು. ಕೇಳುವುದು ಪೂರ್ತಿ ವಾಪಸು ಬರಲಿಲ್ಲ. ಇವತ್ತಿಗೂ ಅವನ ಜೊತೆ ನಡೆಯುವಾಗ ನಾನು ಬಲಗಡೆಗೇ ಹೋಗಿ ನಿಲ್ಲುತ್ತೇನೆ.

ನಿನ್ನನ್ನು ಹೆದರಿಸಬೇಕು ಅಂತ ಬರೆದದ್ದಲ್ಲ. ಹೀಗೆ ಒಡೆದದ್ದು ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದಂತೆ. ಆದರೆ ಕೂಡಿತೋ ಇಲ್ಲವೋ ಅಂತ ನೋಡಬೇಕಲ್ವಾ. ಡಾಕ್ಟರು "ಇರಬಹುದು" ಅಂದದ್ದು ಕೀವು ತುಂಬಿ ಒಳಗೆ ಕಾಣದೆ ಇರಬೇಕು. ಒರೆಸಿ ಮತ್ತೆ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಹೋಗು ಅನ್ನುವುದು. ಎರಡು ವಾರ ದಾಟಿಯೂ ಸೋರುತ್ತಿದ್ದರೆ ಸುಮ್ನೆ ಕೂರಬೇಡ.

ಓದಿದವಳು ನೀನು, ನಾನು ಹೇಳುವುದೇನು. ಆದರೂ ಕಿವಿಗೆ ನೀರು ಹೋಗದ ಹಾಗೆ ನೋಡಿಕೋ. ತಲೆಗೆ ನೀರು ಹಾಕುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗೆ ಇಡು, ಆಮೇಲೆ ತೆಗೆ. ನಿನ್ನ ಅತ್ತೆ ಎಣ್ಣೆ ಬಿಡು ಅಂದರೆ ಎದುರು ಮಾತಾಡಬೇಡ, ದೊಡ್ಡಮ್ಮ ಬೇಡ ಅಂದಳು ಅಂತ ನನ್ನ ಮೇಲೆ ಹಾಕು. ಮನೆಯಲ್ಲಿರುವ ಹಳೇ ಡ್ರಾಪ್ಸೂ ಬೇಡ. ತೂತಿದ್ದರೆ ಕೆಲವು ಡ್ರಾಪ್ಸ್ ಒಳಗಿವಿಗೇ ಹಾನಿ ಮಾಡುತ್ತವಂತೆ. ಜ್ವರ ಬಂದರೆ, ಕಿವಿಯ ಹಿಂದೆ ಊದಿದರೆ, ತಲೆ ಸುತ್ತು ಅಂದರೆ, ಬಾಯಿ ಸೊಟ್ಟಗಾದರೆ ಬೆಳಗಾಗಲಿ ಅಂತ ಕಾಯಬೇಡ. ನೀನಿರುವುದು ಶಿವಮೊಗ್ಗದಲ್ಲಿ, ಮೆಗ್ಗಾನ್ ಆಸ್ಪತ್ರೆ ಅಲ್ಲೇ ಇದೆ. ನಿನಗೆ ದಾಟಲು ಸಂಕವಿಲ್ಲ.

ಎಲ್ಲ ವಾಸಿಯಾದ ಮೇಲೂ ಒಂದು ಸಲ ಕೇಳಿಸುವ ಪರೀಕ್ಷೆ ಮಾಡಿಸು. ಹಿಂದಿನಿಂದ ಮೆಲ್ಲಗೆ ಕರೆದು ನೋಡು, ಯಾವ ಕಡೆಗೆ ತಿರುಗುತ್ತಾನೆ ಅಂತ.

ಈ ಕಾಗದ ಮಾವನಿಗೆ ತೋರಿಸಬೇಡ. ಅಕ್ಕನ ಎಣ್ಣೆಯಿಂದ ಆ ರಾತ್ರಿ ಉಳಿದೆ ಅಂತ ಅವನು ಈಗಲೂ ಮಕ್ಕಳಿಗೆ ಹೇಳುತ್ತಾನೆ. ಅಡಿಕೆ ಕೊಯ್ಲಿಗೆ ಬರುತ್ತಾನಲ್ಲ, ಆಗ ನಾನೇ ಹೇಳುತ್ತೇನೆ.

ನಾಳೆಯೇ ಹೋಗು. ಡಾಕ್ಟರು ಏನಂದರು ಅಂತ ಸಂಜೆ ಫೋನ್ ಮಾಡು, ನಾನು ಫೋನಿನ ಹತ್ತಿರವೇ ಇರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ