ಗೆಳೆಯನಿಗೊಂದು ಪತ್ರ: ಎರಡು ಮೀಟರ್ ನೀರು

ಗೆಳೆಯಾ,

ಹೋದ ಸಲ ಫೋನಿನಲ್ಲಿ ಕೇಳಿದ್ದೆಯಲ್ಲ, "ಇಷ್ಟು ವರ್ಷ ಓದಿ ಈಗ ಎರಡು ಮೀಟರ್ ತೊಟ್ಟಿಯಲ್ಲಿ ಟಾರ್ಚ್ ಬಿಟ್ಕೊಂಡು ಕೂತಿದ್ದೀಯಾ?" ಅಂತ. ಆಗ ನಕ್ಕು ಸುಮ್ಮನಾದೆ. ಇವತ್ತು ಉತ್ತರ ಬರೀತೀನಿ, ಕೇಳು. ನೀರಿನೊಳಗೆ ಬೆಳಕಿನ ಮೂಲಕ ಮಾಹಿತಿ ಕಳಿಸುವುದು ನನ್ನ ಕೆಲಸ.

ಮೊಬೈಲನ್ನು ನೀರು ಹೋಗದ ಕವರಿನಲ್ಲಿ ಹಾಕಿ ಸಮುದ್ರಕ್ಕೆ ಇಳಿಸು. ಒಂದು ಗೇಣು ಮುಳುಗುವಷ್ಟರಲ್ಲಿ ವೈ-ಫೈ ಸತ್ತಿರುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಅದು ರೇಡಿಯೊ ಅಲೆಗಳನ್ನು ನುಂಗಿಬಿಡುತ್ತದೆ. ಅದಕ್ಕೇ ನೀರಿನೊಳಗೆ ಜಾಸ್ತಿ ಬಳಸುವುದು ಶಬ್ದವನ್ನು. ಅದು ಕಿಲೋಮೀಟರುಗಟ್ಟಲೆ ಹೋಗುತ್ತದೆ ನಿಜ, ಆದರೆ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಅಷ್ಟೇ. 3 ಕಿ.ಮೀ. ದೂರದ ಯಂತ್ರಕ್ಕೆ 'ಹಲೋ' ಅಂದರೆ ತಿರುಗಿ 'ಹಲೋ' ಕೇಳಿಸಲು 4 ಸೆಕೆಂಡು ಕಾಯಬೇಕು. ಅಷ್ಟು ದೂರಕ್ಕೆ ಒಳ್ಳೆಯ ವಿಡಿಯೊ ಕಳಿಸುವ ಮಾತಂತೂ ಬಿಡು. ಬೆಳಕಾದರೆ ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ ಹೊರುತ್ತದೆ. ಕಡಲ ತಳದಲ್ಲಿ ತಿಂಗಳುಗಟ್ಟಲೆ ಲೆಕ್ಕ ಬರೆದಿಟ್ಟುಕೊಂಡ ಯಂತ್ರದ ಪಕ್ಕ ಒಂದು ರೋಬಾಟ್ ಬಂದು ನಿಂತು, ಎಲ್ಲವನ್ನೂ ಕೆಲವೇ ನಿಮಿಷದಲ್ಲಿ ತುಂಬಿಕೊಂಡು ಹೋಗಬಹುದು.

ಎಲ್ಲ ಬಣ್ಣವೂ ನಡೆಯುವುದಿಲ್ಲ. ಕೆಂಪು ಬೇಗ ಸಾಯುತ್ತದೆ. ದೂರ ಹೋಗುವುದು ನೀಲಿ-ಹಸಿರು, ಅಂದರೆ ಸುಮಾರು 450ರಿಂದ 550 ನ್ಯಾನೊಮೀಟರ್ ಅಲೆಯುದ್ದದ ಬೆಳಕು. 1921ರಲ್ಲಿ ಸಿ.ವಿ. ರಾಮನ್ ಹಡಗಿನಿಂದ ನೋಡಿ, ಕಡಲ ನೀಲಿ ಬರೀ ಆಕಾಶದ ಪ್ರತಿಬಿಂಬ ಅಲ್ಲ, ನೀರಿನದ್ದೇ ಅಂತ ತೋರಿಸಿದರಲ್ಲ, ಆ ನೀಲಿಯೇ ನಮ್ಮ ಕೂಲಿಯಾಳು. ದಡದ ಹತ್ತಿರ ಪಾಚಿ, ಕೊಳೆತ ಎಲೆಗಳ ರಸ ನೀಲಿಯನ್ನು ತಿಂದುಬಿಡುತ್ತವೆ. ಅಲ್ಲಿ ಹಸಿರೇ ವಾಸಿ. ನಮ್ಮದು 520ರ ಹಸಿರು ಲೇಸರ್.

ತಿಳಿಯಾದ ಸಾಗರದಲ್ಲಿ 10 ಮೀಟರ್ ದಾಟಿದ ಮೇಲೂ ಐದರಲ್ಲೊಂದು ಪಾಲು ಬೆಳಕು ಉಳಿದಿರುತ್ತದೆ. ಬಂದರಿನ ರಾಡಿ ನೀರಿನಲ್ಲಿ ಒಂದೇ ಮೀಟರಿಗೆ ಹತ್ತರಲ್ಲೊಂದು. ಆ ರಾಡಿಯನ್ನು ತೊಟ್ಟಿಯಲ್ಲಿ ಹೇಗೆ ಮಾಡುತ್ತೇವೆ ಗೊತ್ತಾ? ಎದೆ ಉರಿಗೆ ಕುಡಿಯುವ ಬಿಳಿ ಔಷಧಿ ಇದೆಯಲ್ಲ, ಅದನ್ನು ಹನಿ ಹನಿಯಾಗಿ ಬೆರೆಸುತ್ತೇವೆ. ಅದರ ಸಣ್ಣ ಕಣಗಳು ಬೆಳಕನ್ನು ಚೆನ್ನಾಗಿ ಚದುರಿಸುತ್ತವೆ. ಬಿಲ್ ನೋಡಿದ ಲೆಕ್ಕದವರು "ನಿಮ್ಮ ಲ್ಯಾಬಲ್ಲಿ ಎಲ್ಲರಿಗೂ ಗ್ಯಾಸ್ಟ್ರಿಕ್ಕಾ ಸಾರ್?" ಅಂದರು!

ಮೊನ್ನೆ ಔಷಧಿಯನ್ನೇ ಹಾಕಿರಲಿಲ್ಲ, ತಿಳಿ ನೀರು. ಆದರೂ ಸಿಗ್ನಲ್ ಇಲ್ಲ. ಲೇಸರ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಕೋಡ್ ಬರೆದ ಹುಡುಗನನ್ನು ಸುಮ್ನೆ ಬೈದೆ. ಮಧ್ಯಾಹ್ನದ ಮೇಲೆ ಬಗ್ಗಿ ನೋಡಿದರೆ, ಕಿರಣ ಒಳಗೆ ಹೋಗುವ ಜಾಗದಲ್ಲೇ ಗಾಜಿನ ಒಳಮೈಗೆ ಸಾಸಿವೆ ಗಾತ್ರದ ಗುಳ್ಳೆಗಳು ಅಂಟಿಕೊಂಡಿದ್ದವು. ರಾತ್ರಿ ತುಂಬಿಸಿಟ್ಟ ನಲ್ಲಿ ನೀರಿನ ಗಾಳಿ. ತೋಳು ಮಡಚಿ, ಕೈ ಇಳಿಸಿ ಒರೆಸಿದೆ. ಸಿಗ್ನಲ್ ವಾಪಸ್ ಬಂತು. ಹುಡುಗನಿಗೆ ಟೀ ಕುಡಿಸಿದೆ.

ನಿಜವಾದ ತಲೆನೋವು ಇದಲ್ಲ. ಸಂಶೋಧನಾ ಪೇಪರುಗಳಲ್ಲಿ ವೇಗದ ದಾಖಲೆ ಓದಿ ಓದಿ ನನಗೆ ಸಾಕಾಗಿದೆ. ತೊಟ್ಟಿಯಲ್ಲಿ ಬೆಳಕು ಕಳಿಸುವ, ಹಿಡಿಯುವ ಎರಡೂ ತುದಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತೇವೆ. ಸಮುದ್ರದಲ್ಲಿ ಬೋಲ್ಟ್ ಹಾಕೋದು ಎಲ್ಲಿಗೆ? ರೋಬಾಟ್ ತೇಲುತ್ತದೆ, ತೂಗುತ್ತದೆ. ಕಿರಣ ಸಣ್ಣದಾಗಿದ್ದರೆ ದೂರ ಹೋಗುತ್ತದೆ, ಆದರೆ ಕೂದಲೆಳೆ ಅಲುಗಿದರೂ ಗುರಿ ತಪ್ಪುತ್ತದೆ. ಅಗಲ ಮಾಡಿದರೆ ಗುರಿ ತಪ್ಪುವುದಿಲ್ಲ, ಆದರೆ ತಲುಪುವ ಹೊತ್ತಿಗೆ ಬೆಳಕೇ ಇರುವುದಿಲ್ಲ. ಒಂದನ್ನೊಂದು ಹುಡುಕಿಕೊಳ್ಳುವಾಗ ಅಗಲ, ಸಿಕ್ಕಮೇಲೆ ಸಣ್ಣ, ಹೀಗೆ ತಾನಾಗಿ ಹೊಂದಿಕೊಳ್ಳುವ ಲೆನ್ಸ್ ಮಾಡುತ್ತಿದ್ದೇನೆ. ಸದ್ಯಕ್ಕೆ ಮೂರು ಸಲ ಹುಡುಕಿದರೆ ಒಂದು ಸಲ ಸಿಗುತ್ತದೆ.

ಬಿಡುವಾದಾಗ ಬಾ, ನೋಡುವೆಯಂತೆ. ಆದರೆ ಮೊದಲೇ ಹೇಳಿರ್ತೀನಿ: ಒಳಗೆ ಬರುವವರೆಲ್ಲ ಲೇಸರ್ ಕನ್ನಡಕ ಹಾಕಲೇಬೇಕು. ಆ ಕನ್ನಡಕ ತಡೆಯುವುದೇ ಹಸಿರನ್ನು. ನಿನಗೆ ಬರೀ ನೀರು ಕಾಣಿಸುತ್ತದೆ.

ಇಂತಿ,
ನಿನ್ನ ತೊಟ್ಟಿ ಗೆಳೆಯ