ಕುಚ್ಚಲಕ್ಕಿ ಬೇಕಾದವರು ಶನಿವಾರದೊಳಗೆ ಹೇಳಿ

ನಿನ್ನೆಯಿಂದ ಗುಂಪಿನಲ್ಲಿ ರೇಟಿನದ್ದೇ ಮಾತು, ಹಾಗಾಗಿ ಬರೆಯುತ್ತಿದ್ದೇನೆ. ತೆಂಗಿನೆಣ್ಣೆ 2025ರಲ್ಲಿ ಏರಿದ್ದು ಎಲ್ಲರಿಗೂ ಗೊತ್ತು, ಆಗಿನಿಂದ ನಮ್ಮ ಮನೆಯಲ್ಲಿ ಅದು ಒಗ್ಗರಣೆಗೆ ಮಾತ್ರ, ತಲೆಗೆ ಲೆಕ್ಕ ಮಾಡಿ ನಾಲ್ಕು ಹನಿ. ಜೂನ್ 1ರಿಂದ 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ಮಲ್ಪೆಯ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಆಗ ಬಂಗುಡೆಯ ರೇಟು ಕೇಳುವುದೇ ಬೇಡ. ಒಣಮೀನು ಈಗಲೇ ತೆಗೆದಿಡುವುದು ಒಳ್ಳೆಯದು, ಅಲ್ವಾ? ದೇಶ ಬೆಳೆಯುತ್ತಿದೆ ಅಂತ ಟಿವಿಯವರು ಹೇಳುತ್ತಾರೆ. ಇರಬಹುದು. ನನ್ನ ಸಂಬಳ ಮಾತ್ರ ನಿಂತಲ್ಲೇ ನಿಂತಿದೆ.

ಕುಚ್ಚಲಕ್ಕಿಯನ್ನು ಮಿಲ್ಲಿನಿಂದಲೇ ಮೂಟೆಯಲ್ಲಿ ತಂದು ಹಂಚಿಕೊಳ್ಳೋಣ, ಅಂಗಡಿಗಿಂತ ಸ್ವಲ್ಪ ಕಡಿಮೆಗೆ ಸಿಗುತ್ತದೆ. ಎಷ್ಟು ಕಿಲೋ ಬೇಕು ಅಂತ ಇಲ್ಲೇ ಬರೆಯಿರಿ. ರಾಜಕೀಯದ ಫಾರ್ವರ್ಡ್ ಸುಮ್ನೆ ಹಾಕಬೇಡಿ, ಕಳೆದ ಸಲ ಜಗಳವಾಗಿ ಇಬ್ಬರು ಗುಂಪೇ ಬಿಟ್ಟರು.