ಬೀಳೋದನ್ನು ಕಲಿಸಿದವರು

ಪ್ರೀತಿಯ ಪುಟ್ಟಿ,

ನಿನ್ನೆ ಜೂಡೋ ಕ್ಲಾಸಿನಿಂದ ಬಂದವಳೇ ಬ್ಯಾಗ್ ಎಸೆದು, "ಮೂರು ವಾರ ಆಯ್ತಮ್ಮ, ಬರೀ ಬೀಳೋದೇ ಹೇಳಿಕೊಡ್ತಾರೆ" ಅಂದೆ. ನನಗೆ ನಗು ಬಂತು. ನಿನಗೆ ಸಿಟ್ಟು ಬಂತು. ಅದಕ್ಕೇ ಈ ಪತ್ರ.

ನಮ್ಮ ಮಾಸ್ಟರ್ ನಮ್ಮನ್ನು ಎರಡು ತಿಂಗಳು ಬೀಳಿಸಿದ್ದರು! ಗದ್ದ ಎದೆಗೆ ಒತ್ತು, ಬೆಲ್ಟಿನ ಗಂಟು ನೋಡು, ಅಂಗೈಯಿಂದ ತೋಳಿನವರೆಗೂ ಒಟ್ಟಿಗೆ ಮ್ಯಾಟಿಗೆ ಬಡಿ. ದಿನಾ ಇದೇ ಮಾತು. ಗದ್ದ ಒಳಗಿದ್ದರೆ ತಲೆಯ ಹಿಂಭಾಗ ನೆಲಕ್ಕೆ ತಾಗುವುದಿಲ್ಲ. ತೋಳು ಬಡಿದರೆ ಪೆಟ್ಟು ಒಂದೇ ಕಡೆ ಕೂರದೆ ಹರಡಿಹೋಗುತ್ತದೆ. ಹೆದರಿ ಕೈಯೂರಲು ಹೋದರೆ ಮಣಿಕಟ್ಟಿಗೆ ಕುತ್ತು. ಹೀಗೆ ಪೆಟ್ಟಾಗದಂತೆ ಬೀಳುವುದಕ್ಕೇ ಉಕೆಮಿ ಅನ್ನುವುದು.

ಅವರು ನಮ್ಮನ್ನು ನೋಡುತ್ತಲೂ ಇರಲಿಲ್ಲ. ಗೋಡೆ ಕಡೆ ಮುಖ ಮಾಡಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸರಿಯಾಗಿ ಬಿದ್ದರೆ 'ಟಪ್' ಎಂದು ಒಂದೇ ಸದ್ದು. ನನ್ನದು ಮೊದಲು 'ಧಬ್', ಆಮೇಲೆ 'ಟಪ್'. "ಎರಡು ಸಲ ಬಿದ್ದೆ, ಎದ್ದೇಳು" ಎನ್ನುತ್ತಿದ್ದರು, ತಿರುಗದೆಯೇ.

ಬಿಳಿ ಬೆಲ್ಟ್ ಕೊಳೆಯಾಗುತ್ತಾ ಕಪ್ಪಾಯಿತು, ಅದಕ್ಕೇ ಬೆಲ್ಟ್ ಒಗೆಯಬಾರದು ಅನ್ನುವ ಕತೆ ನಿನ್ನ ಕಿವಿಗೂ ಬೀಳುತ್ತದೆ. ಸುಮ್ನೆ ಕತೆ ಅದು. 1882ರಲ್ಲಿ ಜಪಾನಿನಲ್ಲಿ ಕೊಡೋಕಾನ್ ಎಂಬ ಜೂಡೋ ಶಾಲೆ ಶುರು ಮಾಡಿದ ಜಿಗೊರೊ ಕಾನೊ ಅವರೇ ಮೇಲಿನ ಹಂತದವರಿಗೆ ಕಪ್ಪು ಬೆಲ್ಟ್ ತಂದದ್ದು. ಹಳದಿ, ಕಿತ್ತಳೆ, ಹಸಿರು ಎಲ್ಲ ಆಮೇಲೆ ಯುರೋಪಿನಲ್ಲಿ ಸೇರಿಕೊಂಡವು. ಮಾಸ್ಟರ್ ಇಷ್ಟು ಹೇಳಿ, "ಬೆಲ್ಟ್ ಒಗೀರೋ, ನಾತ ಹೊಡೀತಿದೆ" ಎನ್ನುತ್ತಿದ್ದರು. ನೀನೂ ಒಗಿ.

ಅವರ ಒಂದು ಪದ್ಧತಿ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಕ್ಲಾಸ್ ಮುಗಿಯುವ ತನಕ ಹನಿ ನೀರು ಕುಡಿಯುವಂತಿಲ್ಲ. ಅವರ ಗುರುಗಳೂ ಹಾಗೇ ಇದ್ದರಂತೆ. ಒಂದು ದಿನ ನನಗೆ ತಲೆ ಸುತ್ತಿ ಬಿದ್ದೆ. ಆಗ ಉಕೆಮಿಯೂ ಇಲ್ಲ, ಏನೂ ಇಲ್ಲ. ಮಾರನೇ ದಿನ ಹೋಗಿ ನೋಡಿದರೆ ಗೋಡೆ ಬದಿಯಲ್ಲಿ ಸಾಲಾಗಿ ನೀರಿನ ಬಾಟಲಿಗಳು. ಆ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನಾವೂ ಕೇಳಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಯಾವ ಪಟ್ಟೂ ಅಲ್ಲ, ಆ ಬಾಟಲಿಗಳು.

ನನ್ನ ಕಪ್ಪು ಬೆಲ್ಟ್ ಕೇಳಿದ್ದೆಯಲ್ಲ, ಅದನ್ನು ಕೊಡುವುದಿಲ್ಲ. ನಿನ್ನದು ನೀನೇ ಗಳಿಸು. ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಎರಡು ಹಾಸಿಗೆ ಹಾಸಿಡುತ್ತೇನೆ. ನೀನು ಬೀಳು. ನಾನು ಗೋಡೆ ಕಡೆ ತಿರುಗಿ ನಿಲ್ಲುತ್ತೇನೆ.

ನಿನ್ನ,
ಅಮ್ಮ